ಒಂದೇ ಒಕ್ಕೂಟ, ಒಬ್ಬೊಬ್ಬರಿಗೆ ಒಂದೊಂದು ಕರಾರು

ನಾನಿರುವುದು ಸ್ವೀಡನ್ನಿನ ದಕ್ಷಿಣ ತುದಿಯ ಮಾಲ್ಮೊದಲ್ಲಿ. ಮೋಡವಿಲ್ಲದ ದಿನ ಇಲ್ಲಿನ ಕಡಲ ದಂಡೆಗೆ ಹೋಗಿ ನಿಂತರೆ ಎದುರು ದಡದ ಕೋಪನ್‌ಹೇಗನ್ ಬರಿಗಣ್ಣಿಗೇ ಕಾಣುತ್ತದೆ. ಅದು ಡೆನ್ಮಾರ್ಕಿನ ರಾಜಧಾನಿ. ನಡುವಿನ ಓರೆಸುಂಡ್ ಜಲಸಂಧಿಯನ್ನು ದಾಟಲು 2000ದ ಜುಲೈ 1ರಿಂದ ರೈಲೂ ಇದೆ, ರಸ್ತೆಯೂ ಇದೆ. ಸುಮಾರು 8 ಕಿ.ಮೀ. ಸೇತುವೆ, ಆಮೇಲೆ ಕಲ್ಲು ಮಣ್ಣು ಸುರಿದು ಕಟ್ಟಿದ 4 ಕಿ.ಮೀ. ಉದ್ದದ ದ್ವೀಪ, ಕೊನೆಗೆ ಸಮುದ್ರದಡಿ 4 ಕಿ.ಮೀ. ಸುರಂಗ. ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಆ ಊರಿನ ನಡುಮಧ್ಯೆ ಇಳಿಯಬಹುದು. ಎರಡೂ ದೇಶಗಳು ಐರೋಪ್ಯ ಒಕ್ಕೂಟದ ಸದಸ್ಯರು. ಡೆನ್ಮಾರ್ಕ್ 1973ರಿಂದ, ಸ್ವೀಡನ್ 1995ರಿಂದ.

ಇಷ್ಟಿದ್ದೂ ಆ ಮುಕ್ಕಾಲು ಗಂಟೆಯಲ್ಲಿ ಬದಲಾಗುವುದು ಒಂದೆರಡಲ್ಲ. ದುಡ್ಡು ಬದಲಾಗುತ್ತದೆ. ಇಲ್ಲಿ ಸ್ವೀಡಿಷ್ ಕ್ರೋನ, ಅಲ್ಲಿ ಡ್ಯಾನಿಷ್ ಕ್ರೋನ. ಇಲ್ಲಿ ತರಕಾರಿಯವನಿಗೂ ನಡೆಯುವ, ಮೊಬೈಲಿನಲ್ಲೇ ದುಡ್ಡು ಕೊಡುವ ಸ್ವಿಷ್ ಆ್ಯಪ್ ಅಲ್ಲಿ ನಡೆಯುವುದಿಲ್ಲ. ಎರಡೂ ಕಡೆ ಯೂರೋ ಇಲ್ಲ, ಆದರೆ ಇಲ್ಲದಿರುವ ಕಾರಣ ಬೇರೆ ಬೇರೆ. ನನ್ನಂಥವರಿಗೆ ಇನ್ನೂ ಒಂದು ಬದಲಾಗುತ್ತದೆ. ಅದು ಗೊತ್ತಾದದ್ದು ಕೋಪನ್‌ಹೇಗನ್ನಿನ ಕಂಪನಿಯೊಂದು ನನ್ನನ್ನು ಸಂದರ್ಶನಕ್ಕೆ ಕರೆದಾಗ.

ನಾನು ತಿಪಟೂರಿನವಳು. ವೈದ್ಯಕೀಯ ಉಪಕರಣಗಳ ಸಾಫ್ಟ್‌ವೇರ್ ಪರೀಕ್ಷಿಸುವುದು ನನ್ನ ಕೆಲಸ. ಇಲ್ಲಿ ಕೆಲಸ ಮಾಡಲು ನಾನು ಮಾಮೂಲಿ ಸ್ವೀಡಿಷ್ ಪರವಾನಗಿ ಬಿಟ್ಟು, ಬೇಕೆಂದೇ ಒಕ್ಕೂಟದ ‘ಬ್ಲೂ ಕಾರ್ಡ್’ ಮಾಡಿಸಿಕೊಂಡಿದ್ದೆ. ಓದಿಕೊಂಡ ಹೊರದೇಶದವರಿಗೆಂದು ಒಕ್ಕೂಟ 2009ರಲ್ಲಿ ರೂಪಿಸಿದ ಪರವಾನಗಿ ಅದು. ಒಂದು ದೇಶದಲ್ಲಿ 12 ತಿಂಗಳು ದುಡಿದ ಮೇಲೆ ಇನ್ನೊಂದು ಸದಸ್ಯ ದೇಶಕ್ಕೆ ಕೆಲಸಕ್ಕೆ ಹೋಗುವುದು ಸಲೀಸು, ಕಾಯಂ ವಾಸದ ಹಕ್ಕಿಗೆ ಎರಡೂ ಕಡೆಯ ವರ್ಷಗಳನ್ನು ಕೂಡಿಸಿಕೊಳ್ಳಬಹುದು. ಸಂದರ್ಶನ ಚೆನ್ನಾಗೇ ಆಯಿತು. ಕೊನೆಯಲ್ಲಿ ಕಂಪನಿಯ ಹೆಂಗಸು ಕಾರ್ಡ್ ನೋಡಿ ನಕ್ಕು, “ಇದು ಜರ್ಮನಿಗಾದರೆ ಆಗುತ್ತಿತ್ತು, ಇಟಲಿಗೂ ಆಗುತ್ತಿತ್ತು. ಇಲ್ಲಿ ಮಾತ್ರ ಲೆಕ್ಕಕ್ಕಿಲ್ಲ” ಎಂದರು. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಈ ಬ್ಲೂ ಕಾರ್ಡ್ ಕಾನೂನಿನಲ್ಲಿ ಪಾಲುಗೊಂಡಿಲ್ಲ. ಸಾವಿರಾರು ಕಿಲೋಮೀಟರ್ ಆಚೆಯ ಲಿಸ್ಬನ್ನಿಗೆ ನಾನು ಈ ಕಾರ್ಡ್ ಹಿಡಿದು ಕೆಲಸ ಹುಡುಕಿಕೊಂಡು ಹೋಗಬಹುದು, ಕಣ್ಣೆದುರಿನ ಊರಿಗೆ ಆಗದು. ಅಲ್ಲಿಗೆ ಡೆನ್ಮಾರ್ಕಿನದೇ ಪ್ರತ್ಯೇಕ ಪರವಾನಗಿ ಬೇಕು, ಅಲ್ಲಿ ಕಳೆದ ವರ್ಷಗಳು ಇಲ್ಲಿಯ ಲೆಕ್ಕಕ್ಕೆ ಬರುವುದಿಲ್ಲ. ನಾನು ಕೆಲಸ ಬೇಡವೆಂದೆ. ಕುತೂಹಲ ಮಾತ್ರ ಅಂಟಿಕೊಂಡಿತು. ಒಂದೇ ಒಕ್ಕೂಟದ ಕಾನೂನು ಒಂದು ದೇಶಕ್ಕೆ ಅನ್ವಯಿಸಿ ಪಕ್ಕದ್ದಕ್ಕೆ ಅನ್ವಯಿಸದಿರುವುದು ಹೇಗೆ ಸಾಧ್ಯ?

ಇದರ ಬೇರು 1992ರಲ್ಲಿದೆ. ಆಗ ಒಕ್ಕೂಟದಲ್ಲಿ ಇದ್ದದ್ದು 12 ದೇಶ. ಒಂದೇ ನಾಣ್ಯ, ಜಂಟಿ ವಿದೇಶಾಂಗ ನೀತಿ, ಪೊಲೀಸು ನ್ಯಾಯಾಲಯಗಳ ಸಹಕಾರ, ಒಕ್ಕೂಟದ ಪೌರತ್ವ, ಇವನ್ನೆಲ್ಲ ಒಳಗೊಂಡ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಅವರೆಲ್ಲ ಸಹಿ ಹಾಕಿದ್ದರು. ಅದು ಜಾರಿಗೆ ಬರಲು ಹನ್ನೆರಡೂ ದೇಶ ಒಪ್ಪಲೇಬೇಕು. ಬ್ರಿಟನ್ನಿನ ಪ್ರಧಾನಿ ಜಾನ್ ಮೇಜರ್ ಜಾಣತನದಿಂದ ಮಾತುಕತೆಯ ಮೇಜಿನಲ್ಲೇ ಒಂದೇ ನಾಣ್ಯದಿಂದ ವಿನಾಯಿತಿ ಬರೆಸಿಕೊಂಡು ಎದ್ದಿದ್ದರು. ಡೆನ್ಮಾರ್ಕ್ ಸರ್ಕಾರ ಒಪ್ಪಂದವನ್ನು ಜನರ ಮುಂದಿಟ್ಟಿತು. ಜೂನ್ 2ರಂದು ಜನ ಬೇಡವೆಂದರು. ಶೇ 50.7 ಬೇಡ, ಶೇ 49.3 ಬೇಕು. ನಡುವಿನ ಅಂತರ ಸುಮಾರು 46 ಸಾವಿರ ಮತ. ತುಮಕೂರಿನ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಕಾಣಬಹುದಾದಷ್ಟು ಅಂತರ, ಇಡೀ ಪಶ್ಚಿಮ ಯುರೋಪಿನ ಯೋಜನೆಯನ್ನು ನಿಲ್ಲಿಸಿಬಿಟ್ಟಿತು.

ಆ ಬೇಸಿಗೆಯ ಇನ್ನೊಂದು ಕತೆಯನ್ನು ಡ್ಯಾನಿಷರು ಇವತ್ತಿಗೂ ಬಿಡದೆ ಹೇಳುತ್ತಾರೆ. ಯುಗೊಸ್ಲಾವಿಯ ತಂಡವನ್ನು ಹೊರಗಿಟ್ಟಿದ್ದರಿಂದ ಕೊನೇ ಗಳಿಗೆಯಲ್ಲಿ ಯುರೋಪಿಯನ್ ಫುಟ್‌ಬಾಲ್ ಪಂದ್ಯಾವಳಿಗೆ ಕರೆಸಿಕೊಂಡ ಡೆನ್ಮಾರ್ಕ್, ಜೂನ್ 26ರಂದು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಜರ್ಮನಿಯನ್ನು 2–0ಯಿಂದ ಸೋಲಿಸಿ ಕಪ್ ಗೆದ್ದಿತು. ಅದೇ ಹೊತ್ತಿಗೆ ಲಿಸ್ಬನ್ನಿನಲ್ಲಿ ಒಕ್ಕೂಟದ ನಾಯಕರ ಸಭೆ. ಡೆನ್ಮಾರ್ಕಿನ ವಿದೇಶಾಂಗ ಸಚಿವ ಉಫ್ಫ ಎಲ್ಲಮನ್-ಯೆನ್ಸನ್, ಇವರ ಜೊತೆ ಸೇರಲಾಗದಿದ್ದರೆ ಸೋಲಿಸಿಯಾದರೂ ಬಿಡೋಣ ಎಂಬರ್ಥದ ಚಟಾಕಿ ಹಾರಿಸಿದರು. ಉಳಿದ ನಾಯಕರಿಗೆ ನಗು ಬಂತೋ ಇಲ್ಲವೋ.

ಚಟಾಕಿಯಿಂದ ಒಪ್ಪಂದ ಉಳಿಯುವಂತಿರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಎಡಿನ್‌ಬರೊದಲ್ಲಿ ಸೇರಿದ ನಾಯಕರು ಡೆನ್ಮಾರ್ಕಿಗೆ ನಾಲ್ಕು ವಿನಾಯಿತಿ ಕೊಟ್ಟರು. ಯೂರೋ ಬೇಕಿಲ್ಲ, ಜಂಟಿ ರಕ್ಷಣೆ ಬೇಕಿಲ್ಲ, ನ್ಯಾಯ ಮತ್ತು ಗೃಹ ವಿಷಯಗಳಲ್ಲಿ ಒಕ್ಕೂಟದ ಕಾನೂನಿಗೆ ಒಳಪಡಬೇಕಿಲ್ಲ, ಒಕ್ಕೂಟದ ಪೌರತ್ವ ಡ್ಯಾನಿಷ್ ಪೌರತ್ವದ ಜಾಗಕ್ಕೆ ಬರುವುದಿಲ್ಲ. ನನ್ನ ಬ್ಲೂ ಕಾರ್ಡಿಗೆ ಅಡ್ಡ ಬಂದದ್ದು ಇದರಲ್ಲಿ ಮೂರನೆಯದು. 1993ರ ಮೇ 18ರಂದು ಮತ್ತೆ ಜನಮತಗಣನೆ ನಡೆದು ಶೇ 56.7ರಷ್ಟು ಜನ ಒಪ್ಪಿದರು. ಒಮ್ಮೆ ಬೇಡವೆಂದವರನ್ನು ಮತ್ತೆ ಕೇಳಿದ ಸಿಟ್ಟಿಗೆ ಆ ರಾತ್ರಿ ಕೋಪನ್‌ಹೇಗನ್ನಿನ ನೊರೆಬ್ರೊ ಬಡಾವಣೆಯಲ್ಲಿ ಗಲಭೆಯಾಯಿತು, ಪೊಲೀಸರು 113 ಸುತ್ತು ಗುಂಡು ಹಾರಿಸಿದರು, ಕನಿಷ್ಠ 11 ಮಂದಿಗೆ ಗುಂಡು ತಗುಲಿತು. ಈಗ ಆ ಬೀದಿಗಳಲ್ಲಿ ಕಾಫಿ ಅಂಗಡಿಗಳು, ಸೈಕಲ್ ಸಾಲು.

ನನ್ನ ಜೊತೆ ಕೆಲಸ ಮಾಡುವ ಡ್ಯಾನಿಷ್ ಹಿರಿಯರೊಬ್ಬರು ಆ ಎರಡೂ ಮತಗಳಲ್ಲಿ ಬೇಡ ಎಂದವರು. ಅವರ ವಾದ ಸರಳ: “ನಮ್ಮದು ಸಣ್ಣ ದೇಶ. ದೊಡ್ಡವರ ಜೊತೆ ಕೂತಾಗ ಕೆಲವು ಬಾಗಿಲುಗಳಿಗೆ ಚಿಲಕ ಇರಬೇಕು.” ಈ ಮಾತನ್ನು ನಾನು ಲಘುವಾಗಿ ನೋಡುವುದಿಲ್ಲ. ಆ ನಾಲ್ಕು ಚಿಲಕಗಳಿಲ್ಲದಿದ್ದರೆ ಮಾಸ್ಟ್ರಿಕ್ಟ್ ಒಪ್ಪಂದವೇ ಉಳಿಯುತ್ತಿರಲಿಲ್ಲ. ಆದರೆ ಆಮೇಲಿನ ಮೂವತ್ತು ವರ್ಷದಲ್ಲಿ ಆ ಬಾಗಿಲುಗಳ ಹಿಂದೆ ಏನಾಯಿತು ಎಂಬುದು ನನಗೆ ಹೆಚ್ಚು ಸ್ವಾರಸ್ಯದ ವಿಷಯ.

ಮೊದಲು ಗಡಿಯ ಮಾತು. ಅಮ್ಮ ತಿಪಟೂರಿನಿಂದ ಬಂದಿದ್ದಾಗ ಕೋಪನ್‌ಹೇಗನ್ ತೋರಿಸಲು ಕರೆದುಕೊಂಡು ಹೋಗಿದ್ದೆ. ಹೋಗುವಾಗ ಯಾರೂ ಏನೂ ಕೇಳಲಿಲ್ಲ. ಸಂಜೆ ವಾಪಸು ಬರುವಾಗ ಸೇತುವೆ ದಾಟಿ ಸ್ವೀಡನ್ನಿನ ಮೊದಲ ನಿಲ್ದಾಣ ಹುಲ್ಲಿಯೆಯಲ್ಲಿ ರೈಲು ನಿಂತಿತು. ಹಳದಿ ಜಾಕೆಟ್ಟಿನ ಪೊಲೀಸರು ಹತ್ತಿ ಒಬ್ಬೊಬ್ಬರದೇ ಗುರುತಿನ ಚೀಟಿ ನೋಡುತ್ತ ಬಂದರು. ಅಮ್ಮ ಸೆರಗಿನ ಮರೆಯ ಚೀಲದಿಂದ ಪಾಸ್‌ಪೋರ್ಟ್ ತೆಗೆದು ಕೊಟ್ಟರು. ಪೊಲೀಸ್ ಹುಡುಗಿ ವೀಸಾ ಪುಟ ತಿರುವಿ ನೋಡಿ, ನಕ್ಕು, ವಾಪಸು ಕೊಟ್ಟಳು.

“ಅಲ್ಲ ಕಣೇ, ಹೋಗೋವಾಗ ಯಾರೂ ಕೇಳ್ಲಿಲ್ಲ, ಬರೋವಾಗ ಯಾಕೆ ಕೇಳ್ತಾರೆ? ಎರಡೂ ಒಂದೇ ಅಂದಿದ್ದೆ.”

“ಒಂದೇ ಅಮ್ಮ. ಕೇಳಬಾರದು ಅಂತಾನೇ ಕಾನೂನು. ತಾತ್ಕಾಲಿಕವಾಗಿ ಕೇಳ್ತಿದಾರೆ.”

“ಎಷ್ಟು ದಿವಸದಿಂದ?”

“2015ರಿಂದ.”

ಅಮ್ಮ ನನ್ನ ಮುಖ ನೋಡಿದ ರೀತಿಗೆ ಎದುರಿಗೆ ಕೂತಿದ್ದ ಹುಡುಗನಿಗೂ ನಗು ಬಂತು, ಕನ್ನಡ ಬರದಿದ್ದರೂ.

ಗಡಿಯಲ್ಲಿ ತಪಾಸಣೆ ಇರಬಾರದೆಂಬ ಷೆಂಗೆನ್ ವ್ಯವಸ್ಥೆ ಹುಟ್ಟಿದ್ದೇ ಕೆಲವರು ಮುಂದೆ ಹೋಗಿ ಉಳಿದವರು ಹಿಂದೆ ನಿಂತದ್ದರಿಂದ. 1985ರಲ್ಲಿ ಆಗಿನ ಐರೋಪ್ಯ ಸಮುದಾಯದಲ್ಲಿ 10 ದೇಶಗಳಿದ್ದವು. ಎಲ್ಲರೂ ಒಪ್ಪುವುದು ಸಾಧ್ಯವಿಲ್ಲವೆಂದಾದಾಗ ಫ್ರಾನ್ಸ್, ಪಶ್ಚಿಮ ಜರ್ಮನಿ, ಬೆಲ್ಜಿಯಂ, ನೆದರ್‌ಲೆಂಡ್ಸ್, ಲಕ್ಸೆಂಬರ್ಗ್ ಐದೇ ದೇಶಗಳು ಸಮುದಾಯದ ಹೊರಗೆ ತಮ್ಮ ಪಾಡಿಗೆ ಒಪ್ಪಂದ ಮಾಡಿಕೊಂಡವು. ಆ ಜೂನ್ 14ರಂದು ಸಹಿ ಬಿದ್ದದ್ದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತಿದ್ದ ‘ಪ್ರಿನ್ಸೆಸ್ ಮರಿ-ಆಸ್ಟ್ರಿಡ್’ ಎಂಬ ಹಡಗಿನ ಮೇಲೆ. ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಮೂರರ ಗಡಿಯೂ ಕೂಡುವ ಜಾಗ ಅದು. ಹತ್ತು ವರ್ಷ ಬೇಕಾಯಿತು ನಿಜವಾಗಿ ಗಡಿ ತೆರೆಯಲು. 1995ರ ಮಾರ್ಚಿನಲ್ಲಿ ತೆರೆದ ಮೇಲೆ ಒಬ್ಬೊಬ್ಬರೇ ಬಂದು ಸೇರಿಕೊಂಡರು, ಆಮ್‌ಸ್ಟರ್‌ಡ್ಯಾಂ ಒಪ್ಪಂದದ ಮೂಲಕ ಅದು ಒಕ್ಕೂಟದ್ದೇ ಕಾನೂನಾಯಿತು. ಈಗ ಅದರಲ್ಲಿ 29 ದೇಶ. ಅದರಲ್ಲಿ ನಾರ್ವೆ, ಐಸ್‌ಲೆಂಡ್, ಸ್ವಿಟ್ಜರ್‌ಲೆಂಡ್, ಲಿಕ್ಟನ್‌ಸ್ಟೈನ್ ಒಕ್ಕೂಟದ ಸದಸ್ಯರೇ ಅಲ್ಲ. ಸದಸ್ಯರಾಗಿಯೂ ಐರ್ಲೆಂಡ್, ಸೈಪ್ರಸ್ ಒಳಗಿಲ್ಲ.

ನಾರ್ವೆಯ ಜನ 1972ರಲ್ಲೂ 1994ರಲ್ಲೂ ಒಕ್ಕೂಟ ಬೇಡವೆಂದು ಮತ ಹಾಕಿದವರು. ಆದರೂ ಷೆಂಗೆನ್ ಒಳಗಿದ್ದಾರೆ. ಈ ಭಾಗದ ದೇಶಗಳ ನಡುವೆ 1950ರ ದಶಕದಿಂದಲೇ ಪಾಸ್‌ಪೋರ್ಟ್ ಇಲ್ಲದೆ ಓಡಾಡುವ ಪದ್ಧತಿ ಇತ್ತು. ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್ ಷೆಂಗೆನ್ ಸೇರಿ ನಾರ್ವೆಯ ಗಡಿಗೆ ಬೇಲಿ ಹಾಕುವುದು ಯಾರಿಗೂ ಬೇಕಿರಲಿಲ್ಲ. ಹಾಗಾಗಿ 2001ರಲ್ಲಿ ಎಲ್ಲರೂ ಒಟ್ಟಿಗೇ ಒಳಬಂದರು. ಐರ್ಲೆಂಡಿನದು ಇದರ ತದ್ವಿರುದ್ಧ. ಅದಕ್ಕೆ ಬ್ರಿಟನ್ ಜೊತೆ ಹಳೆಯ ಮುಕ್ತ ಸಂಚಾರದ ಏರ್ಪಾಡು ಇದೆ, ಬ್ರಿಟನ್ ಷೆಂಗೆನ್ ಸೇರಲಿಲ್ಲ, ಸೇರಿದರೆ ಉತ್ತರ ಐರ್ಲೆಂಡಿನ ಗಡಿಯಲ್ಲಿ ಚೌಕಿ ಬರುತ್ತದೆ. ಹಾಗೆಂದು ಹೊರಗೇ ಉಳಿಯಿತು. ಅಮ್ಮನಿಗೆ ಡಬ್ಲಿನ್ನಿನಲ್ಲಿರುವ ತಂಗಿಯ ಮಗಳ ಕೂಸನ್ನು ನೋಡಿ ಬರುವ ಆಸೆಯಿತ್ತು. ಷೆಂಗೆನ್ ವೀಸಾದಲ್ಲಿ ಆಗುವುದಿಲ್ಲ, ಐರ್ಲೆಂಡಿಗೆ ಬೇರೆ ವೀಸಾ ಬೇಕೆಂದಾಗ ಅವರು ಈ ಒಕ್ಕೂಟದ ಮೇಲಿನ ಭರವಸೆಯನ್ನೇ ಬಿಟ್ಟರು.

2015ರಲ್ಲಿ ಸ್ವೀಡನ್ನಿಗೆ ಸುಮಾರು 1.63 ಲಕ್ಷ ಮಂದಿ ಆಶ್ರಯ ಕೇಳಿ ಬಂದರು. ಆ ನವೆಂಬರಿನಲ್ಲಿ ಶುರುವಾದ ತಪಾಸಣೆಯೇ ಅಮ್ಮನಿಗೆ ಎದುರಾದದ್ದು. 2016ರ ಜನವರಿಯಿಂದ ಮರುವರ್ಷದ ಮೇವರೆಗೆ ಇನ್ನೂ ಬಿಗಿ ಇತ್ತು. ಡೆನ್ಮಾರ್ಕಿನ ಕಾಸ್ಟ್ರುಪ್ ವಿಮಾನ ನಿಲ್ದಾಣದ ರೈಲು ಪ್ಲಾಟ್‌ಫಾರ್ಮಿನಲ್ಲಿ ಗುರುತಿನ ಚೀಟಿ ತೋರಿಸಿಯೇ ಸ್ವೀಡನ್ನಿನ ರೈಲು ಹತ್ತಬೇಕಿತ್ತು. ದಿನಾ ಓಡಾಡುವವರಿಗೆ ಅದು ಬೇಸತ್ತುಹೋದ ಕಾಲ. ಷೆಂಗೆನ್ ನಿಯಮ ತುರ್ತಿನಲ್ಲಿ ಇಂಥ ತಪಾಸಣೆಗೆ ಅವಕಾಶ ಕೊಡುತ್ತದೆ, ಆದರೆ ಸೀಮಿತ ಕಾಲಕ್ಕೆ. ಹೊಸ ಅಪಾಯವೇನೂ ಇಲ್ಲದೆ ಆರು ತಿಂಗಳ ಮೇಲೆ ಎಳೆಯುವಂತಿಲ್ಲವೆಂದು ಆಸ್ಟ್ರಿಯದ ಮೊಕದ್ದಮೆಯೊಂದರಲ್ಲಿ ಒಕ್ಕೂಟದ ನ್ಯಾಯಾಲಯ 2022ರಲ್ಲಿ ಹೇಳಿತು. ಸರ್ಕಾರಗಳು ಪ್ರತಿ ಸಲ ಹೊಸ ಕಾರಣ ಬರೆದು ಮುಂದುವರಿಸುತ್ತಿವೆ. ಕಾಗದದ ಮೇಲೆ ಬರೆದ ವಿನಾಯಿತಿಗಿಂತ ಹೀಗೆ ಬರೆಯದೇ ತೆಗೆದುಕೊಂಡ ವಿನಾಯಿತಿ ನನಗೆ ಹೆಚ್ಚು ಕಳವಳದ್ದಾಗಿ ತೋರುತ್ತದೆ.

ಬರೆಯದೇ ವಿನಾಯಿತಿ ತೆಗೆದುಕೊಳ್ಳುವುದರಲ್ಲಿ ಸ್ವೀಡನ್ ಪಳಗಿದ ಕೈ. ಯೂರೋ ವಿಷಯದಲ್ಲಿ ಡೆನ್ಮಾರ್ಕಿಗೆ ಲಿಖಿತ ವಿನಾಯಿತಿ ಇದೆ, ಸ್ವೀಡನ್ನಿಗೆ ಇಲ್ಲ. 1995ರಲ್ಲಿ ಸೇರುವಾಗ, ಅರ್ಹತೆ ಬಂದಾಗ ಯೂರೋ ತರುತ್ತೇವೆಂದೇ ಒಪ್ಪಿ ಸೇರಿತು. 2003ರ ಸೆಪ್ಟೆಂಬರ್ 14ರಂದು ಜನರನ್ನು ಕೇಳಿದರು. ಅದಕ್ಕೆ ನಾಲ್ಕು ದಿನ ಮೊದಲು, ಯೂರೋ ಪರ ಪ್ರಚಾರದ ಮುಖವಾಗಿದ್ದ ವಿದೇಶಾಂಗ ಸಚಿವೆ ಅನ್ನಾ ಲಿಂದ್ ಸ್ಟಾಕ್‌ಹೋಮಿನ ಅಂಗಡಿಯೊಂದರಲ್ಲಿ ಚೂರಿ ಇರಿತಕ್ಕೊಳಗಾಗಿ ಮರುದಿನ ತೀರಿಕೊಂಡರು. ದೇಶ ಶೋಕದಲ್ಲಿದ್ದರೂ ಮತದಾನ ನಡೆಯಿತು. ಶೇ 55.9 ಮಂದಿ ಯೂರೋ ಬೇಡವೆಂದರು. ಕಾನೂನು ಪ್ರಕಾರ ಈ ಮತಕ್ಕೆ ಒಕ್ಕೂಟದಲ್ಲಿ ಬೆಲೆಯಿಲ್ಲ. ಆದರೆ ಯೂರೋ ತರುವ ಮೊದಲು ಎರಡು ವರ್ಷ ವಿನಿಮಯ ದರದ ಪೂರ್ವಸಿದ್ಧತಾ ವ್ಯವಸ್ಥೆಯೊಂದರಲ್ಲಿ ಇರಬೇಕೆಂಬ ಷರತ್ತಿದೆ, ಮತ್ತು ಆ ವ್ಯವಸ್ಥೆಗೆ ಸೇರುವುದು ಐಚ್ಛಿಕ. ಸ್ವೀಡನ್ ಅದಕ್ಕೆ ಸೇರುವುದೇ ಇಲ್ಲ. ಹಾಗಾಗಿ ಅರ್ಹತೆ ಬರುವುದೇ ಇಲ್ಲ. ಎರಡು ವರ್ಷಕ್ಕೊಮ್ಮೆ ಒಕ್ಕೂಟ ವರದಿ ತಯಾರಿಸಿ, ಸ್ವೀಡನ್ ಇನ್ನೂ ಷರತ್ತು ಪೂರೈಸಿಲ್ಲ ಎಂದು ಗಂಭೀರವಾಗಿ ಬರೆಯುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಜಗಳ ತೆಗೆಯುವುದಿಲ್ಲ.

ಡೆನ್ಮಾರ್ಕ್ ಹಾಗಲ್ಲ. 2000ದ ಸೆಪ್ಟೆಂಬರಿನಲ್ಲಿ ಶೇ 53.2 ಮತದಿಂದ ಯೂರೋ ತಿರಸ್ಕರಿಸಿತು. ಆದರೆ ಅದೇ ಪೂರ್ವಸಿದ್ಧತಾ ವ್ಯವಸ್ಥೆಯೊಳಗೆ ಕೂತು ತನ್ನ ಕ್ರೋನವನ್ನು ಯೂರೋಗೆ ಕಟ್ಟಿಹಾಕಿಕೊಂಡಿದೆ. ಒಂದು ಯೂರೋಗೆ 7.46038 ಕ್ರೋನ, ಆಚೀಚೆ ಶೇ 2.25ರಷ್ಟು ಮಾತ್ರ ಹೊಯ್ದಾಡಬಹುದು, ನಿಜದಲ್ಲಿ ಅಷ್ಟೂ ಹೊಯ್ದಾಡುವುದಿಲ್ಲ. ನೋಟಿನ ಮೇಲಿನ ಚಿತ್ರ ಮಾತ್ರ ಡ್ಯಾನಿಷ್. ಇದನ್ನು ಹಿಡಿದಿಡಲು ಫ್ರಾಂಕ್‌ಫರ್ಟಿನ ಐರೋಪ್ಯ ಕೇಂದ್ರ ಬ್ಯಾಂಕ್ ಬಡ್ಡಿದರ ಏರಿಸಿದಾಗ, ಇಳಿಸಿದಾಗ ಡೆನ್ಮಾರ್ಕಿನ ಬ್ಯಾಂಕ್ ಸಾಮಾನ್ಯವಾಗಿ ಅದೇ ದಾರಿ ಹಿಡಿಯುತ್ತದೆ. ದರ ನಿರ್ಧರಿಸುವ ಮೇಜಿನಲ್ಲಿ ಅದಕ್ಕೆ ಕುರ್ಚಿಯಿಲ್ಲ. ಅಲ್ಲಿರುವುದು ಯೂರೋ ಬಳಸುವವರ ಪ್ರತಿನಿಧಿಗಳು, 2026ರ ಜನವರಿಯಲ್ಲಿ ಬಲ್ಗೇರಿಯಾ ಸೇರಿದ ಮೇಲೆ 21 ದೇಶ.

2015ರ ಜನವರಿ ಇದಕ್ಕೆ ಒಳ್ಳೆಯ ಸಾಕ್ಷಿ. ಆ ತಿಂಗಳ 15ರಂದು ಸ್ವಿಟ್ಜರ್‌ಲೆಂಡ್ ತನ್ನ ಫ್ರಾಂಕಿಗೆ ಯೂರೋ ಎದುರು ಹಾಕಿದ್ದ ಮಿತಿಯನ್ನು ಇದ್ದಕ್ಕಿದ್ದಂತೆ ತೆಗೆದುಹಾಕಿತು. ಮುಂದಿನ ಸರದಿ ಡೆನ್ಮಾರ್ಕಿನದೇ ಎಂದು ಜಗತ್ತಿನ ಹಣಕಾಸು ವ್ಯಾಪಾರಿಗಳು ಡ್ಯಾನಿಷ್ ಕ್ರೋನ ಕೊಳ್ಳಲು ಮುಗಿಬಿದ್ದರು. ಕ್ರೋನ ಏರದಂತೆ ತಡೆಯಲು ಡ್ಯಾನಿಷ್ ಕೇಂದ್ರ ಬ್ಯಾಂಕ್ ಮೂರು ವಾರದೊಳಗೆ ನಾಲ್ಕು ಸಲ ಬಡ್ಡಿ ಇಳಿಸಿ ಮೈನಸ್ ಶೇ 0.75ಕ್ಕೆ ತಂದಿತು. ಅಂದರೆ ಹಣ ಇಟ್ಟ ಬ್ಯಾಂಕುಗಳೇ ಬಡ್ಡಿ ಕೊಡಬೇಕು. ಸರ್ಕಾರಿ ಸಾಲಪತ್ರಗಳ ಮಾರಾಟವನ್ನೂ ನಿಲ್ಲಿಸಿದರು. ಕಟ್ಟು ಕಳಚಲಿಲ್ಲ. ಸ್ವಂತ ನಾಣ್ಯ ಉಳಿಸಿಕೊಂಡವರು ಅದನ್ನು ಸ್ವಂತ ಇಷ್ಟದಂತೆ ನಡೆಸದಿರಲು ಅಷ್ಟು ಹೆಣಗಿದರು.

ಸ್ವೀಡಿಷ್ ಕ್ರೋನ ಕಟ್ಟಿಲ್ಲದ್ದು, ಗಾಳಿ ಬಂದಂತೆ ಹಾರುತ್ತದೆ. ನಾನು ಬಂದ ಹೊಸದರಲ್ಲಿ ಒಂದು ಡ್ಯಾನಿಷ್ ಕ್ರೋನಕ್ಕೆ ಕೊಡಬೇಕಾಗಿದ್ದ ಸ್ವೀಡಿಷ್ ಕ್ರೋನಕ್ಕಿಂತ ಈಗ ಹೆಚ್ಚು ಕೊಡಬೇಕು. ಕೆಲವು ವರ್ಷದಿಂದ ಅದು ಒಂದೂವರೆಯ ಆಸುಪಾಸಿನಲ್ಲಿದೆ. ಮಾಲ್ಮೊದಲ್ಲಿ ಮನೆ ಮಾಡಿ ಕೋಪನ್‌ಹೇಗನ್ನಿನಲ್ಲಿ ಸಂಬಳ ಪಡೆಯುವವರಿಗೆ ಇದು ಹಬ್ಬ. ನಮ್ಮ ಮಹಡಿಯ ಮೇಲಿನ ದಂಪತಿ ಅಂಥವರು. ಕೋಪನ್‌ಹೇಗನ್ನಿಗೆ ಹೋಗಿ ಒಂದು ಊಟ ಮಾಡಿದರೆ ನನಗೆ ಬಿಲ್ ನೋಡಿ ಎದೆ ಧಸಕ್ಕೆನ್ನುತ್ತದೆ. ಅವರು ಮಾಲ್ಮೊದ ಅಂಗಡಿಯಲ್ಲಿ ಬೆಲೆ ಚೀಟಿಯನ್ನೇ ನೋಡುವುದಿಲ್ಲ.

ಎಲ್ಲರೂ ಒಪ್ಪದ ವಿಷಯದಲ್ಲಿ ಒಪ್ಪಿದವರಷ್ಟೇ ಮುಂದೆ ಹೋಗಲು ಒಕ್ಕೂಟದ ಒಪ್ಪಂದದಲ್ಲೇ ಈಗ ದಾರಿಯಿದೆ. ಕನಿಷ್ಠ 9 ದೇಶ ಬೇಕು, ಉಳಿದವರಿಗೆ ಬಾಗಿಲು ತೆರೆದಿರಬೇಕು. ಇದನ್ನು ಮೊದಲು ಬಳಸಿದ್ದು ವಿಚ್ಛೇದನಕ್ಕೆ. ಗಂಡ ಒಂದು ದೇಶದವನು, ಹೆಂಡತಿ ಇನ್ನೊಂದು ದೇಶದವಳು, ಸಂಸಾರ ಮೂರನೆಯ ದೇಶದಲ್ಲಿ. ಯಾವ ದೇಶದ ಕಾನೂನಿನಂತೆ ಬಿಡುಗಡೆ? ಎಲ್ಲರಿಗೂ ಒಂದೇ ನಿಯಮ ಮಾಡಲು ಹೊರಟಾಗ ಅಡ್ಡ ನಿಂತದ್ದು ಸ್ವೀಡನ್. ಇಲ್ಲಿ ವಿಚ್ಛೇದನ ಸುಲಭ. ಬೇರೆ ದೇಶದ ಬಿಗಿ ಕಾನೂನನ್ನು ಸ್ವೀಡಿಷ್ ನ್ಯಾಯಾಧೀಶರು ಅನ್ವಯಿಸಬೇಕಾದೀತು ಎಂಬುದು ಇವರ ಆತಂಕ. ಕೌಟುಂಬಿಕ ಕಾನೂನಿಗೆ ಸರ್ವಾನುಮತ ಬೇಕಾದ್ದರಿಂದ ಅಲ್ಲಿಗೇ ನಿಂತಿತು. ಕೊನೆಗೆ 2010ರಲ್ಲಿ 14 ದೇಶಗಳು ತಾವಷ್ಟೇ ಆ ನಿಯಮ ಮಾಡಿಕೊಂಡವು. ಯಾರಿಗೂ ನಷ್ಟವಾಗಲಿಲ್ಲ.

ಪೇಟೆಂಟಿನ ಜಗಳ ಇದಕ್ಕಿಂತ ಉದ್ದ. ಇಡೀ ಒಕ್ಕೂಟಕ್ಕೆ ಒಂದೇ ಪೇಟೆಂಟ್ ಎಂಬ ಕನಸು ಭಾಷೆಯ ಕಲ್ಲಿಗೆ ಬಡಿದು ದಶಕಗಟ್ಟಲೆ ಬಿದ್ದಿತ್ತು. ಇಂಗ್ಲಿಷ್, ಫ್ರೆಂಚ್, ಜರ್ಮನ್ ಸಾಕು ಎಂದಾಗ ಸ್ಪೇನ್ ಮತ್ತು ಇಟಲಿ, ನಮ್ಮ ಭಾಷೆಗೇನು ಕಡಿಮೆ ಎಂದು ಕೋರ್ಟಿಗೆ ಹೋದವು. 2013ರಲ್ಲಿ ಸೋತವು. ಇಟಲಿ ಆಮೇಲೆ ಸೇರಿಕೊಂಡಿತು, ಸ್ಪೇನ್ ಈಗಲೂ ಹೊರಗೆ. ಸ್ಪೇನಿನ ಸಿಟ್ಟು ನನಗೆ ಅರ್ಥವಾಗುತ್ತದೆ, ಕನ್ನಡದವಳಾಗಿ ಅರ್ಥವಾಗದೆ ಏನು. 2023ರ ಜೂನ್ 1ರಂದು 17 ದೇಶಗಳಲ್ಲಿ ಅದು ಜಾರಿಗೆ ಬಂತು. ಅದರ ವ್ಯಾಜ್ಯ ಕೇಳುವ ಜಂಟಿ ನ್ಯಾಯಾಲಯಕ್ಕೆ ಸೇರಲೂ ಡೆನ್ಮಾರ್ಕ್ 2014ರಲ್ಲಿ ಒಂದು ಜನಮತಗಣನೆ ನಡೆಸಿತ್ತು! ಪೇಟೆಂಟ್ ನ್ಯಾಯಾಲಯದ ಬಗ್ಗೆ ಜನರ ಮತ ಕೇಳುವ ದೇಶವನ್ನು ಇನ್ನೆಲ್ಲಿ ನೋಡಲಿ. ಶೇ 62.5 ಮಂದಿ ಆಗಲಿ ಎಂದರು. ಈ ದಾರಿ ಯಾವಾಗಲೂ ಊರು ಮುಟ್ಟಿಸುವುದಿಲ್ಲ. ಷೇರು ವಹಿವಾಟಿನ ಮೇಲೆ ತೆರಿಗೆ ಹಾಕಲು 2013ರಲ್ಲಿ 11 ದೇಶ ಹೊರಟವು, ತಮ್ಮೊಳಗೇ ಒಪ್ಪಿಗೆಯಾಗದೆ ಕೂತವು.

ಡೆನ್ಮಾರ್ಕಿನ ಮೂರನೆಯ ಚಿಲಕದ ಕತೆಯನ್ನು ಬಿಡಿಸಿ ಹೇಳಬೇಕು. ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್ ಇರುವುದು ನೆದರ್‌ಲೆಂಡ್ಸ್‌ನ ಹೇಗ್ ನಗರದಲ್ಲಿ. ಮೊದಲು ಅದು ಸರ್ಕಾರಗಳ ನಡುವಿನ ಏರ್ಪಾಡಾಗಿತ್ತು, ಡೆನ್ಮಾರ್ಕ್ ಪೂರ್ತಿ ಒಳಗಿತ್ತು. ಅದನ್ನು ಒಕ್ಕೂಟದ ಕಾನೂನಿನಡಿ ತರುವುದೆಂದು ನಿರ್ಧಾರವಾದಾಗ, ವಿನಾಯಿತಿ ಪಡೆದ ಡೆನ್ಮಾರ್ಕ್ ತಾನಾಗೇ ಹೊರಬೀಳುವಂತಾಯಿತು. ಬೇಕಾದ್ದಕ್ಕೆ ಮಾತ್ರ ಸೇರುವ ಹಾಗೆ ವಿನಾಯಿತಿಯನ್ನು ಸಡಿಲಿಸೋಣವೇ ಎಂದು ಸರ್ಕಾರ 2015ರ ಡಿಸೆಂಬರ್ 3ರಂದು ಜನರನ್ನು ಕೇಳಿತು. ಶೇ 53.1 ಮಂದಿ ಬೇಡವೆಂದರು. ಬೇಡವೆಂದವರಲ್ಲೂ ಅನೇಕರಿಗೆ ಯೂರೋಪೋಲ್ ಬೇಕಿತ್ತು. 2017ರ ಮೇ 1ರಂದು ಹೊಸ ಕಾನೂನು ಜಾರಿಗೆ ಬರುವ ಎರಡು ದಿನ ಮೊದಲು ಒಂದು ವಿಶೇಷ ಒಪ್ಪಂದಕ್ಕೆ ಸಹಿಯಾಯಿತು. ಅದರಂತೆ ಡ್ಯಾನಿಷ್ ಪೊಲೀಸರು ಯೂರೋಪೋಲಿನ ದತ್ತಾಂಶವನ್ನು ನೇರವಾಗಿ ಹುಡುಕುವಂತಿಲ್ಲ. ಹೇಗ್‌ನಲ್ಲಿ ಡ್ಯಾನಿಷ್ ಬಲ್ಲ ಸಿಬ್ಬಂದಿಯನ್ನು ಕೂರಿಸಿದ್ದಾರೆ, ಅವರಿಗೆ ಕೋರಿಕೆ ಕಳಿಸಿದರೆ ಅವರು ಹುಡುಕಿ ಹೇಳುತ್ತಾರೆ. ಆಡಳಿತ ಮಂಡಳಿಯ ಸಭೆಗೆ ಡೆನ್ಮಾರ್ಕ್ ಹೋಗಬಹುದು, ಮತ ಹಾಕುವಂತಿಲ್ಲ. ಇದಕ್ಕೆ ಬದಲಾಗಿ ಷೆಂಗೆನ್ ಒಳಗೇ ಇರಬೇಕು, ಒಕ್ಕೂಟದ ನ್ಯಾಯಾಲಯದ ಮಾತಿಗೆ ಒಳಪಡಬೇಕು. ಸ್ವಾತಂತ್ರ್ಯಕ್ಕೆಂದು ಹಾಕಿಕೊಂಡ ಚಿಲಕ ಇಲ್ಲಿ ಅವರನ್ನೇ ಹೊರಗಿಟ್ಟಿತು, ಅದೂ ಒಳಗಿನ ಷರತ್ತುಗಳನ್ನೆಲ್ಲ ಒಪ್ಪಿಸಿಕೊಂಡು.

ಎರಡನೆಯದು, ರಕ್ಷಣೆಯ ವಿನಾಯಿತಿ, 2022ರಲ್ಲಿ ಬಿತ್ತು. ಬೋಸ್ನಿಯಾದಲ್ಲಿ ಶಾಂತಿ ಕಾಯುವ ಕೆಲಸವನ್ನು 2004ರಲ್ಲಿ ನ್ಯಾಟೋ ಸೇನಾಕೂಟವು ಐರೋಪ್ಯ ಒಕ್ಕೂಟಕ್ಕೆ ಒಪ್ಪಿಸಿದಾಗ, ಅಲ್ಲಿದ್ದ ಡ್ಯಾನಿಷ್ ಸೈನಿಕರು ಗಂಟುಮೂಟೆ ಕಟ್ಟಬೇಕಾಗಿತ್ತು. ಆಗ ಯಾರಿಗೂ ಅದು ದೊಡ್ಡದೆನಿಸಲಿಲ್ಲ. ರಷ್ಯಾ ಯುಕ್ರೇನಿನ ಮೇಲೆ ಬಿದ್ದ ಮೇಲೆ ಜೂನ್ 1ರ ಮತದಾನದಲ್ಲಿ ಶೇ 66.9 ಮಂದಿ ಆ ವಿನಾಯಿತಿ ಸಾಕು ಎಂದರು. ನನ್ನ ಸಹೋದ್ಯೋಗಿಯೂ ಆ ಸಲ ಒಪ್ಪಿ ಮತ ಹಾಕಿದರಂತೆ. ಉಳಿದ ಚಿಲಕಗಳು ಇರಲಿ ಎಂಬುದು ಅವರ ನಿಲುವು.

ಇಷ್ಟೆಲ್ಲ ರಿಯಾಯಿತಿ ಕೊಡುವ ಒಕ್ಕೂಟ ಯಾವುದನ್ನು ಬಿಟ್ಟುಕೊಡುವುದಿಲ್ಲ? ಸರಕು, ಸೇವೆ, ಬಂಡವಾಳ, ಜನ, ಈ ನಾಲ್ಕರ ಮುಕ್ತ ಸಂಚಾರ. ಬ್ರಿಟನ್ನಿಗೆ ಯೂರೋ ಬೇಡವಾಗಿತ್ತು, ಕೊಟ್ಟರು. ಷೆಂಗೆನ್ ಬೇಡವಾಗಿತ್ತು, ಕೊಟ್ಟರು. ಪೊಲೀಸ್, ನ್ಯಾಯದ ವಿಷಯದಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುತ್ತೇವೆಂದರು, ಅದನ್ನೂ ಕೊಟ್ಟರು. 2016ರಲ್ಲಿ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರನ್ ಒಕ್ಕೂಟದೊಳಗಿನ ವಲಸೆಗೇ ಕಡಿವಾಣ ಕೇಳಿದಾಗ ಸಿಕ್ಕಿದ್ದು ಅಲ್ಪಸ್ವಲ್ಪ. ಎಲ್ಲರಿಗಿಂತ ಹೆಚ್ಚು ವಿನಾಯಿತಿ ಪಡೆದ ದೇಶವೇ 2020ರ ಜನವರಿ 31ರಂದು ಹೊರನಡೆಯಿತು. ವಿನಾಯಿತಿ ಕೊಟ್ಟರೆ ಎಲ್ಲರೂ ಉಳಿಯುತ್ತಾರೆ ಎನ್ನುವವರು ಇದನ್ನು ಮರೆಯುವ ಹಾಗಿಲ್ಲ. ವಿನಾಯಿತಿಯೇ ಅವರನ್ನು ಹೊರಗೆ ನಡೆಸಿತು ಎನ್ನುವವರು ಡೆನ್ಮಾರ್ಕನ್ನು ಮರೆಯುವ ಹಾಗಿಲ್ಲ.

ಈಗ ಯುಕ್ರೇನ್, ಮಾಲ್ಡೋವಾ, ಪಶ್ಚಿಮ ಬಾಲ್ಕನ್ನಿನ ದೇಶಗಳು ಬಾಗಿಲಲ್ಲಿ ನಿಂತಿವೆ. ಫ್ರಾನ್ಸ್ ಮತ್ತು ಜರ್ಮನಿ ನೇಮಿಸಿದ 12 ತಜ್ಞರ ತಂಡ 2023ರ ಸೆಪ್ಟೆಂಬರಿನಲ್ಲಿ ಒಂದು ನಕ್ಷೆ ಮುಂದಿಟ್ಟಿತು. ಒಳಗೆ ಬಿಗಿಯಾಗಿ ಬೆಸೆದ ದೇಶಗಳು, ಅದರ ಸುತ್ತ ಒಕ್ಕೂಟ, ಅದರಾಚೆ ಸಹಸದಸ್ಯರು, ಕೊನೆಯ ಸುತ್ತಿನಲ್ಲಿ ರಾಜಕೀಯ ಸಮಾಲೋಚನೆಗೆ ಸೇರುವವರು. ಕೇಳಲು ಹದವಾಗಿದೆ. ನನ್ನ ಅನುಮಾನ ಮೂರನೆಯ ಸುತ್ತಿನ ಬಗ್ಗೆ. ಡೆನ್ಮಾರ್ಕಿನಂಥ ಸಿರಿವಂತ, ಹಳೆಯ ಸದಸ್ಯ ದೇಶಕ್ಕೇ ಮತವಿಲ್ಲದೆ ನಿಯಮ ಪಾಲಿಸುವ ಗತಿ ಬಂದಿದೆ. ಆದರೂ ಅದು ಮನಸ್ಸು ಮಾಡಿದ ದಿನ ಒಂದು ಮತದಾನದಿಂದ ಒಳಗೆ ಹೋಗಬಹುದು, ರಕ್ಷಣೆಯಲ್ಲಿ ಹೋಗಿ ತೋರಿಸಿತು. ಹೊರಗಿನವರಿಗೆ ಆ ಬೀಗದ ಕೈ ಇಲ್ಲ.

ಟರ್ಕಿಯನ್ನು ನೋಡಿ. 1995ರ ಕೊನೆಯ ದಿನದಿಂದ ಅದು ಒಕ್ಕೂಟದ ಸುಂಕ ವ್ಯವಸ್ಥೆಯೊಳಗಿದೆ. ಕೈಗಾರಿಕಾ ಸರಕುಗಳಿಗೆ ಒಕ್ಕೂಟ ಹಾಕಿದ ಹೊರಸುಂಕವನ್ನೇ ಅದೂ ಹಾಕಬೇಕು. ಒಕ್ಕೂಟ ಬೇರೆ ಯಾವುದೋ ದೇಶದ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡರೆ ಆ ದೇಶದ ಸರಕು ಒಕ್ಕೂಟದ ಮೂಲಕ ಟರ್ಕಿಯೊಳಗೆ ಬರಬಹುದು, ಟರ್ಕಿಯ ಸರಕಿಗೆ ಆ ದೇಶದಲ್ಲಿ ಅದೇ ರಿಯಾಯಿತಿ ಬೇಕಾದರೆ ಅದು ಬೇರೆಯಾಗಿ ಹೋಗಿ ಚೌಕಾಸಿ ಮಾಡಬೇಕು. 1999ರಲ್ಲಿ ಅದನ್ನು ಅಭ್ಯರ್ಥಿ ದೇಶವೆಂದು ಒಪ್ಪಿದರು, 2005ರಲ್ಲಿ ಸದಸ್ಯತ್ವದ ಮಾತುಕತೆ ಶುರುವಾಯಿತು, ಈಗ ಅದು ನಿಂತೇ ಹೋಗಿದೆ. ನಾಳೆ ಯುಕ್ರೇನಿಗೆ ಸಹಸದಸ್ಯತ್ವ ಕೊಡುವುದಾದರೆ, ಆ ಕಾಗದದಲ್ಲಿ ಯಾವ ಸಭೆಗೆ ಕರೆಯುತ್ತಾರೆ ಎಂಬುದಕ್ಕಿಂತ ಮೊದಲು ನಾನು ಹುಡುಕುವುದು ಮತದ ಹಕ್ಕು ಯಾವ ವರ್ಷದಿಂದ ಎಂಬ ಸಾಲನ್ನು.